ಲೈಟು ಹತ್ತದ ಕಾರುಗಳು ಮತ್ತು ಎದುರುಗಡೆಯ ಸ್ಕ್ಯಾನರು

ಸಿಂಗಸಂದ್ರದಲ್ಲಿ ಗ್ಯಾರೇಜ್ ಇಟ್ಕೊಂಡು ಇಷ್ಟು ವರ್ಷ ಆಯ್ತು, ಜನ ಗಾಡಿ ಕೆಟ್ಟಿದೆ ಅಂತ ಬರೋದು ಕಮ್ಮಿ, ಮೀಟರಿನಲ್ಲಿ ಲೈಟ್ ಬಂದಿದೆ ಅಂತ ಓಡಿ ಬರೋದೇ ಜಾಸ್ತಿ. ಆದ್ರೆ ಲೈಟ್ ಬರ್ದೇ ಇರೋದೂ ಒಂದು ಕಾಯಿಲೆ ಕಣ್ರೀ. ಕೀ ತಿರುಗಿಸಿದ ತಕ್ಷಣ ಇಂಜಿನ್ ಚಿತ್ರದ ಹಳದಿ ಲೈಟು ಒಂದ್ಸಲ ಹತ್ತಬೇಕು, ಗಾಡಿ ಸ್ಟಾರ್ಟ್ ಆದ್ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಒಳಗೆ ಏನು ಕೆಟ್ಟರೂ ನಿಮಗೆ ಹೇಳೋರಿಲ್ಲ. ಇಂಥ ಗಾಡಿಗಳೆಲ್ಲ ನನ್ನ ಹತ್ರಾನೇ ಬರ್ತವೆ, ಅದೂ ಎದುರುಗಡೆಯವನು ನೋಡ್ತಿರೋ ಹೊತ್ತಿಗೇ.

೧. ಎದುರುಗಡೆಯವನು

ಹೋದ ವರ್ಷ ರಸ್ತೆಯ ಆ ಕಡೆ ಒಬ್ಬ ಗ್ಯಾರೇಜ್ ತೆರೆದ. ಗಾಜಿನ ಬಾಗಿಲು, ಎಸಿ, ಕೂರೋಕೆ ಸೋಫಾ. ಅದೆಲ್ಲ ಹಾಳಾಗ್ಹೋಗ್ಲಿ, ಅವನ ಹತ್ರ ಒಂದು ಸ್ಕ್ಯಾನರ್ ಇತ್ತು. ಸ್ಟೇರಿಂಗ್ ಕೆಳಗೆ ಚುಚ್ಚಿದ್ರೆ ಗಾಡಿಗೆ ಏನಾಗಿದೆ ಅಂತ ಪರದೆ ಮೇಲೆ ಬರುತ್ತೆ. ನಾನು ಇಂಜಿನ್ನಿಗೆ ಕಿವಿ ಕೊಟ್ಟು, ಹೊಗೆ ಮೂಸಿ, ಅರ್ಧ ದಿನ ತಲೆ ಕೆರ್ಕೊಂಡು ಹೇಳೋದನ್ನ ಅದು ಎರಡು ನಿಮಿಷದಲ್ಲಿ ಹೇಳಿಬಿಡುತ್ತೆ. ಹೊಟ್ಟೆ ಉರಿಯಲ್ವಾ? ಉರೀತು. ನಾನ್ಯಾಕೆ ಸುಳ್ಳು ಹೇಳ್ಲಿ?

ನನ್ನ ಭಯ ಒಂದೇ. ಹಿಂದುಗಡೆ ಅಪಾರ್ಟ್‌ಮೆಂಟಿನ ಅಧ್ಯಕ್ಷರು, ದಾವಣಗೆರೆ ಕಡೆಯ ರಿಟೈರ್ಡ್ ಇಂಜಿನಿಯರ್, ನನ್ನ ಹಳೇ ಗಿರಾಕಿ. ಅವರು ಎಲ್ಲಿ ಕಾರು ಬಿಡ್ತಾರೋ ಅಲ್ಲಿಗೇ ಇಡೀ ಅಪಾರ್ಟ್‌ಮೆಂಟು. ಅವರು ರಸ್ತೆ ದಾಟಿದ್ರೆ ನಾನು ಶಟರ್ ಎಳ್ಕೋಬೇಕು. ಅದಕ್ಕೇ ಆ ಕಡೆ ಯಾವ ಕಾರು ತಿರುಗುತ್ತೆ ಅಂತ ದಿನಾ ಕಾಯ್ತಿದ್ದೆ. ನೇರವಾಗಿ ನೋಡಿದ್ರೆ ಮರ್ಯಾದೆ ಹೋಗುತ್ತಲ್ಲ, ರಿಪೇರಿಗೆ ಬಂದ ಕಾರಿನ ಸೈಡ್ ಮಿರರನ್ನೇ ಅತ್ತ ತಿರುಗಿಸಿಟ್ಕೊಂಡು ನೋಡ್ತಿದ್ದೆ. ಒಂದಿನ ಒಬ್ರು ಮೇಡಂ ಕಾರು ತಗೊಂಡು ಹೋಗೋಕೆ ಕೂತೋರು ಇಳಿದು ಬಂದ್ರು. "ಏನ್ರೀ, ಪ್ರತಿ ಸಲಾನೂ ಕನ್ನಡೀಲಿ ಆ ಗ್ಯಾರೇಜಿನ ಬೋರ್ಡೇ ಕಾಣ್ಸುತ್ತಲ್ಲ, ಅದೂ ನಿಮ್ಮದೇ ಬ್ರಾಂಚಾ?"

೨. ವಿಭೂತಿ

ಅದೇ ಅಪಾರ್ಟ್‌ಮೆಂಟಿನ ಇನ್ನೊಂದು ಕಾರು, ಹಾವೇರಿ ಕಡೆಯೋರದ್ದು. ಸೊಸೆ ಎಲೆಕ್ಟ್ರಾನಿಕ್ ಸಿಟೀಲಿ ಕೆಲಸ. ಅತ್ತೇನೂ ಜೊತೇಲಿ ಬಂದಿದ್ರು. "ಕೀ ತಿರುಗಿಸಿದ್ರೆ ಇಂಜಿನ್ ಲೈಟ್ ಬರ್ತಾ ಇಲ್ಲ. ಎದುರುಗಡೆ ಸ್ಕ್ಯಾನರ್ ಇದೆಯಂತಲ್ಲ?" ಅಂದ್ರು ಸೊಸೆ.

"ಅಯ್ಯೋ, ಒಂದು ಲೈಟಿಗೆ ಸ್ಕ್ಯಾನರ್ ಯಾಕೆ ಮೇಡಂ, ಕೂತ್ಕೊಳ್ಳಿ" ಅಂದೆ.

ಮೀಟರಿನ ಗಾಜಿನ ಮೇಲೆ ದಪ್ಪಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಮುಟ್ಟಿ ಹಣೆಗೆ ಹಚ್ಕೊಂಡು ಕೆಲಸ ಶುರು ಮಾಡ್ದೆ. ಫ್ಯೂಸ್ ನೋಡ್ದೆ, ಸರಿ ಇದೆ. ವೈರುಗಳನ್ನ ಒಂದೊಂದಾಗಿ ಚೆಕ್ ಮಾಡ್ದೆ, ಸರಿ ಇದೆ. ಬ್ಯಾಟರಿ ಬಿಚ್ಚಿ ಹಾಕ್ದೆ. ಎದುರುಗಡೆಯವನು ಬಾಗಿಲಲ್ಲಿ ನಿಂತು ನೋಡ್ತಿದ್ದ, ಅದಕ್ಕೇ ಬಿಡೋಕೂ ಮನಸ್ಸು ಬರ್ಲಿಲ್ಲ. ಮಧ್ಯಾಹ್ನ ಆಯ್ತು. ಅತ್ತೆ ಕೂತು ಕೂತು ಸಾಕಾಗಿ ಹತ್ರ ಬಂದ್ರು.

"ಏನು ಹುಡುಕಾಕತ್ತೀಯೋ ತಮ್ಮಾ?"

"ಹಳದಿ ಲೈಟು, ಅಮ್ಮಾ."

"ಅದಾ? ಗಾಡಿ ಹತ್ತಿ ಕುಂತ್ರ ಸಾಕು, ಕಣ್ಣು ಬಿಡ್ತಿತ್ತು. ಯಾರದೋ ದೃಷ್ಟಿ ಆಗೇತಿ ಅಂತ ದಿನಾ ಅದರ ಮ್ಯಾಲೇ ವಿಭೂತಿ ಹಚ್ಚೀನಿ. ಈಗ ನೋಡು, ತಣ್ಣಗ ಕುಂತೈತಿ."

ಒದ್ದೆ ಬಟ್ಟೇಲಿ ಗಾಜು ಒರೆಸಿ ಕೀ ತಿರುಗಿಸ್ದೆ. ಜಗ್ ಅಂತ ಹತ್ತಿತು. ಸೊಸೆ ಸೊಂಟದ ಮೇಲೆ ಕೈ ಇಟ್ಕೊಂಡು, "ಬೆಳಗ್ಗೆಯಿಂದ ಇದು ನಿಮಗೆ ಕಾಣ್ಲೇ ಇಲ್ವಾ?" ಅಂದ್ರು.

"ಕಾಣ್ದೇ ಏನು ಮೇಡಂ, ಮೂರು ಸಲ ಹಣೆಗೆ ಹಚ್ಕೊಂಡಿದೀನಿ."

೩. ಕಪ್ಪು ಟೇಪು

ಕೊನೆಗೂ ಒಂದಿನ ಅಧ್ಯಕ್ಷರ ಕಾರು ಎದುರುಗಡೆಯಿಂದ ಹೊರಗೆ ಬರೋದನ್ನ ಕಣ್ಣಾರೆ ಕಂಡೆ. ಮಗಳಿಗೆ ಅಂತ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಅದನ್ನ ಸೀದಾ ನನ್ನ ಮುಂದೆ ತಂದು ನಿಲ್ಲಿಸಿದ್ರು.

"ಅವನು ಸ್ಕ್ಯಾನರ್ ಹಾಕಿದ. ಒಳಗೆ ನಾಲ್ಕು ತೊಂದರೆ ಇದೆಯಂತೆ. ಆದ್ರೂ ಲೈಟ್ ಹತ್ತುತ್ತಿಲ್ಲ, ಯಾರೋ ಬೇಕಂತ್ಲೇ ಮುಚ್ಚಿದಾರೆ ಅಂದ. ನೀನೂ ನೋಡಪ್ಪ. ಅವನು ಹೇಳಿದ್ದೇ ನಿಜ ಅಂದ್ರೆ ಇನ್ಮೇಲೆ ನಮ್ಮ ಗಾಡಿಗಳೆಲ್ಲ ಆ ಕಡೆಗೇ."

"ಮಿಷನ್ನು ನೂರು ಹೇಳುತ್ತೆ ಸಾರ್" ಅಂತ ಬಾಯಲ್ಲಿ ಅಂದೆ. ಮೀಟರ್ ಬಿಚ್ಚಿದೆ. ಲೈಟಿನ ಮೇಲೆ ಅಚ್ಚುಕಟ್ಟಾಗಿ ಒಂದು ತುಂಡು ಕಪ್ಪು ಟೇಪು. ಆ ದರಿದ್ರದವನು ಹೇಳಿದ್ದೇ ನಿಜ!

ಇನ್ನು ಮಾನ ಉಳಿಸ್ಕೊಳ್ಳೋಕೆ ಒಂದೇ ದಾರಿ ಅಂತ ಜೋರಾಗಿ ಕೂಗಾಡಿದೆ. "ಯಾವನೋ ಲೋಫರ್ ಈ ಟೇಪ್ ಅಂಟಿಸಿದೋನು! ಅನ್ನ ತಿನ್ನೋನು ಮಾಡೋ ಕೆಲ್ಸಾನಾ ಇದು? ಇಂಥೋರು ಕೈಗೆ ಸಿಕ್ರೆ ಒದೀಬೇಕು ಸಾರ್!"

ನನ್ನ ಗಲಾಟೆ ಕೇಳಿ ಎದುರುಗಡೆಯವನೇ ರಸ್ತೆ ದಾಟಿ ಬಂದ. ಬಗ್ಗಿ ಟಾರ್ಚ್ ಬಿಟ್ಟ. ಟೇಪಿನ ಪಕ್ಕದಲ್ಲೇ ಒಂದು ಸ್ಟಿಕ್ಕರ್ ಇತ್ತು. ನನ್ನ ಗ್ಯಾರೇಜಿನ ಹೆಸರು, ನನ್ನ ಫೋನ್ ನಂಬರು.

ಯಾವ ಗಾಡೀದು ಏನು ಬಿಚ್ಚಿದ್ರೂ ಒಳಗೊಂದು ಸ್ಟಿಕ್ಕರ್ ಅಂಟಿಸೋದು ನನ್ನ ಚಾಳಿ. ನಾಳೆ ಇನ್ನೊಬ್ಬ ಬಿಚ್ಚಿದ್ರೆ ಮೊದಲು ಕೈ ಇಟ್ಟಿದ್ದು ನಾನು ಅಂತ ಗೊತ್ತಾಗ್ಲಿ ಅಂತ. ಆಗ ನೆನಪಾಯ್ತು. ಎಷ್ಟೋ ವರ್ಷದ ಹಿಂದೆ ಒಬ್ಬ, "ಮಾರೋ ಗಾಡಿ ಗುರು, ಆ ಲೈಟೊಂದು ಮುಚ್ಕೊಡು" ಅಂತ ಗೋಗರೆದಿದ್ದ. ಮುಚ್ಕೊಟ್ಟಿದ್ದೆ.

"ಅದೇನದು ಅಂಟಿಸಿರೋದು?" ಅಂತ ಅಧ್ಯಕ್ಷರು ಕನ್ನಡಕ ಹುಡುಕಿದ್ರು. ಎದುರುಗಡೆಯವನು ಸ್ಟಿಕ್ಕರ್ ಮೇಲೆ ಹೆಬ್ಬೆಟ್ಟು ಒತ್ತಿದ. "ಕಂಪನಿದು ಸಾರ್" ಅಂತ ಕಿತ್ತು ಜೇಬಿಗೆ ಹಾಕ್ಕೊಂಡ. "ಅಣ್ಣ ಬಿಚ್ಚಿ ನೋಡಿದ್ದಕ್ಕೆ ಟೇಪ್ ಸಿಕ್ತು. ನನ್ನ ಸ್ಕ್ಯಾನರಿಗೆ ಇದು ಕಾಣೋದಿಲ್ಲ."

ಅಧ್ಯಕ್ಷರಿಗೆ ಖುಷಿಯಾಯ್ತು. "ಹಾಗಾದ್ರೆ ಸ್ಕ್ಯಾನ್ ಅವನು ಮಾಡ್ಲಿ, ರಿಪೇರಿ ನೀನೇ ಮಾಡು" ಅಂತ ಹೇಳಿ ಹೊರಟ್ರು. ನನ್ನ ಅಂಗಡಿ ಉಳೀತು.

"ಯಾಕೆ ಗುರು ಬಚಾವ್ ಮಾಡ್ದೆ?" ಅಂತ ಕೇಳ್ದೆ. "ಬಿಡಣ್ಣ, ನಾವು ನಾವೇ ಅಲ್ವಾ" ಅಂತ ಸ್ಟಿಕ್ಕರನ್ನ ನನ್ನ ಕೈಗಿಟ್ಟು ರಸ್ತೆ ದಾಟಿದ.

ಅವನ ಬೆನ್ನು ನೋಡ್ತಾ ನಿಂತೆ. ಮಿಷನ್ ಆದ್ರೆ ಸಾಲ ಮಾಡಿಯಾದ್ರೂ ಒಂದು ತಗೋಬಹುದಿತ್ತು ಕಣ್ರೀ. ಈಗ ಒಳ್ಳೆಯವನೂ ಇವನೇ ಆಗಿಬಿಟ್ನಲ್ಲ ಅಂತ, ಸತ್ಯವಾಗ್ಲೂ, ಮೊದಲಿಗಿಂತ ಜಾಸ್ತಿ ಹೊಟ್ಟೆ ಉರೀತು.