ತೊಂಬತ್ತೊಂದೋ, ತೊಂಬತ್ತೈದೋ

ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ನನ್ನಿಂದ ಆಗುವುದೇ ಇಲ್ಲ. ಒಂದೇ ಇದ್ದರೆ ನನ್ನಷ್ಟು ಸುಖಿ ಇಲ್ಲ. ಖಾನಾವಳಿಯಲ್ಲಿ ರೊಟ್ಟಿಯೋ ಚಪಾತಿಯೋ ಎಂದು ಕೇಳಿದರೆ ರೊಟ್ಟಿ ಎನ್ನುತ್ತೇನೆ. ಅದು ಬರುವಷ್ಟರಲ್ಲಿ ಪಕ್ಕದವರ ತಟ್ಟೆಯ ಚಪಾತಿ ಕಣ್ಣಿಗೆ ಬೀಳುತ್ತದೆ. ಉಂಡು ಕೈ ತೊಳೆಯುವಾಗಲೂ ತಿನ್ನದ ಚಪಾತಿಯದೇ ಧ್ಯಾನ. ನನ್ನ ಮದುವೆ ಸುಸೂತ್ರವಾಗಿ ನಡೆದದ್ದು ನಮ್ಮಪ್ಪ ಒಂದೇ ಹೆಣ್ಣು ತೋರಿಸಿದ್ದರಿಂದ. ಎರಡು ತೋರಿಸಿದ್ದರೆ ಇವತ್ತಿಗೂ ಆ ಎರಡು ಮನೆಗಳ ಉಪ್ಪಿಟ್ಟು ತಿನ್ನುತ್ತ ತಿರುಗುತ್ತಿರುತ್ತಿದ್ದೆ. ಇದನ್ನು ಹೆಂಡತಿ ಅನ್ನಪೂರ್ಣಳಿಗೆ ಹೊಗಳಿಕೆಯೆಂದೇ ಹೇಳಿದ್ದೆ. ಅವಳು, "ನನಗೂ ಒಬ್ರನ್ನs ತೋರ್ಸಿದ್ರು. ಅದಕ್ಕs ಹಿಂಗಾತು" ಎಂದಳು.

ಇಂಥವನ ಕೈಗೆ ಪೆಟ್ರೋಲ್ ಪಿಕಪ್ ಬಂದದ್ದು ಹಣೆಬರಹ. ಹೊಸಪೇಟೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಕಂಪ್ಲಿಯಿಂದ ಭತ್ತ ಬರುತ್ತದೆ, ಮಂಡಕ್ಕಿಯಾಗಿ ಸಂಡೂರು, ವಡ್ಡು, ಗಾದಿಗನೂರಿನ ಅಂಗಡಿಗಳಿಗೆ ಹೋಗುತ್ತದೆ. ಹಳೆಯ ಡೀಸೆಲ್ ಗಾಡಿ ಇದ್ದಷ್ಟು ಕಾಲ ಬಂಕಿನಲ್ಲಿ ಕೇಳುವುದು ಹೇಳುವುದು ಏನೂ ಇರಲಿಲ್ಲ. ಡೀಸೆಲ್ ಅಂದರೆ ಡೀಸೆಲ್. ಅದು ಮುದಿಯಾಗಿ ಹೊಗೆ ಕಾರತೊಡಗಿದ ಮೇಲೆ ಸಣ್ಣ ಪೆಟ್ರೋಲ್ ಗಾಡಿ ತಂದೆ. ಬಂಕಿಗೆ ಹೋದ ಮೊದಲ ದಿನವೇ ಅಲ್ಲಿನವನು ಎರಡು ಪೈಪುಗಳ ನಡುವೆ ನಿಂತು, "ಸಾದಾ ಹಾಕ್ಲೇನ್ರಿ, ಪ್ರೀಮಿಯಮ್ಮಾ?" ಎಂದು ಕೇಳಿದ. ಸಾದಾ ಅಂದರೆ ತೊಂಬತ್ತೊಂದು ಆಕ್ಟೇನ್, ಪ್ರೀಮಿಯಂ ಅಂದರೆ ತೊಂಬತ್ತೈದು. ಅಂದಿನಿಂದ ನನ್ನ ನಿದ್ದೆ ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡಿದೆ.

ಆಕ್ಟೇನ್ ಎಂದರೇನು ಎಂದು ನನಗೂ ಗೊತ್ತಿರಲಿಲ್ಲ. ಈಗ ಗೊತ್ತು, ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು. ಎಂಜಿನ್ನಿನ ಒಳಗೆ ಪೆಟ್ರೋಲು ತನ್ನ ಸರದಿ ಬರುವ ತನಕ ತಡೆದುಕೊಂಡಿರಬೇಕು. ತಡೆಯದೆ ಮುಂಚೆಯೇ ಸಿಡಿದರೆ ಟಕಟಕ ಎಂದು ಒಳಗಿನಿಂದ ಯಾರೋ ಬಾಗಿಲು ಬಡಿದಂಥ ಸದ್ದು ಬರುತ್ತದೆ. ಆಕ್ಟೇನ್ ಹೆಚ್ಚಿದ್ದಷ್ಟೂ ಪೆಟ್ರೋಲಿಗೆ ತಾಳ್ಮೆ ಹೆಚ್ಚು. ನಮ್ಮ ಗಾಡಿಯ ಪುಸ್ತಕದಲ್ಲಿ ತೊಂಬತ್ತೊಂದು ಸಾಕು ಎಂದೇ ಬರೆದಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಮಹಾನುಭಾವ ಈ ಟಕಟಕದಿಂದ ತೂತು ಬಿದ್ದ ಪಿಸ್ಟನ್ ಹಿಡಿದು ತೋರಿಸಿದ. ಅದರ ಕೆಳಗಿನ ವಿಡಿಯೋದಲ್ಲಿ ಇನ್ನೊಬ್ಬ ಮಹಾನುಭಾವ, ಸಾದಾ ಗಾಡಿಗೆ ಪ್ರೀಮಿಯಂ ಹಾಕುವವನು ಮೂರ್ಖ ಎಂದ. ಮೂರನೆಯವನು ಪೆಟ್ರೋಲಿಗೆ ಬೆರೆಸುವ ಎಥೆನಾಲ್ ವಿಚಾರ ತೆಗೆದ. ಅನ್ನಪೂರ್ಣ ಬಂದು ಮೊಬೈಲ್ ಕಸಿದುಕೊಂಡು, "ಆ ಗಾಡಿ ಹೊಟ್ಟಿ ಬಗ್ಗೆ ಮಾಡೋ ಚಿಂತಿ ನನ್ನ ಮೊಣಕಾಲ್ ಬಗ್ಗೆ ಮಾಡಿದ್ರ ನಾ ಇಷ್ಟೊತ್ತಿಗೆ ಹಂಪಿ ಗುಡ್ಡ ಎಲ್ಲಾ ಹತ್ತಿಳೀತಿದ್ದೆ" ಎಂದಳು.

ಹಾಗೆಂದು ನನ್ನದು ಬರೀ ಕಲ್ಪನೆಯೂ ಆಗಿರಲಿಲ್ಲ. ಸದ್ದು ನಿಜವಾಗಿಯೂ ಬರುತ್ತಿತ್ತು. ಗಾಡಿ ಓಡಿಸುವವನು ಹುಲುಗಪ್ಪ, ನನ್ನದೇ ವಯಸ್ಸಿನವನು, ಹದಿನಾರು ವರ್ಷದಿಂದ ನಮ್ಮಲ್ಲೇ ಇದ್ದಾನೆ. ಅವನು ವಾರಕ್ಕೆರಡು ಸಲ ಬೆಳಿಗ್ಗೆ ಸಂಡೂರಿಗೆ ಹೊರಡುತ್ತಾನೆ. ಗುಡ್ಡದ ಏರು ಸಿಗುವ ಹೊತ್ತನ್ನು ಲೆಕ್ಕ ಹಾಕಿ ನಾನು ಭಟ್ಟಿಯಿಂದ ಫೋನ್ ಮಾಡುತ್ತಿದ್ದೆ. "ಏನ್ ಹುಲುಗಪ್ಪ, ಸದ್ದು ಐತೇನು?" ಎಂದರೆ, "ಐತ್ರೀ" ಎನ್ನುತ್ತಿದ್ದ. ಅವನು ಹೇಳುವುದೇ ಬೇಕಿರಲಿಲ್ಲ. ಫೋನಿನಲ್ಲಿ ನನಗೇ ಕೇಳುತ್ತಿತ್ತು, ಟಕಟಕ ಟಕಟಕ. ಪ್ರೀಮಿಯಂ ಹಾಕಿಸಿದ ದಿನಗಳಲ್ಲಿ ಮಾತ್ರ ಮನಸ್ಸಿಗೆ ಅದೇನೋ ನಿರಾಳ. ಫೋನನ್ನೂ ಮಾಡದೆ ಅಕ್ಕಿ ಹುರಿಯುವುದನ್ನು ನೋಡುತ್ತ ಕೂತಿರುತ್ತಿದ್ದೆ. ಸಂಜೆ ಕೇಳಿದರೆ, "ಇವತ್ತೇನೂ ಸದ್ದಿಲ್ರಿ" ಎನ್ನುತ್ತಿದ್ದ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬೇಕಿತ್ತು, ನನಗೆ. ತೊಂಬತ್ತೊಂದು ಸಾಕು ಎಂದು ಪುಸ್ತಕ ಹೇಳುವ ಗಾಡಿಗೆ ತೊಂಬತ್ತೈದೇ ಬೇಕು ಎಂದರೆ ಗಾಡಿಯಲ್ಲೇ ಏನೋ ಐಬು ಇರಬೇಕಲ್ಲ? ಪ್ರೀಮಿಯಂ ಕುಡಿಸಿ ನಾನು ರೋಗ ಮುಚ್ಚಿಡುತ್ತಿದ್ದೇನೆಯೇ? ಅದಕ್ಕೆಂದು ಒಂದು ವಾರ ಅದು, ಒಂದು ವಾರ ಇದು, ಮತ್ತೊಂದು ವಾರ ಎರಡೂ ಅರ್ಧರ್ಧ. ಬಂಕಿನವನಿಗೆ ಮೊದಲು ಸಾದಾ ಎಂದು, ಅವನು ಪೈಪು ಎತ್ತಿದ ಮೇಲೆ ತಡೀಯಪ್ಪ ಎಂದು, ಟ್ಯಾಂಕಿನ ಮುಚ್ಚಳ ಹಿಡಿದು ಯೋಚಿಸುತ್ತ ನಿಲ್ಲುತ್ತಿದ್ದೆ. ಒಮ್ಮೆ ನಮ್ಮ ಹಿಂದೆ ಹಂಪಿ ನೋಡಲು ಬಂದ ಯಾರೋ ಮೋಟರ್‌ಸೈಕಲ್ಲಿನವನು ನಿಂತಿದ್ದ. ಬಂದ, ಬೆರಳಿನಿಂದ ಒಂದು ಪೈಪು ತೋರಿಸಿದ, ತುಂಬಿಸಿಕೊಂಡ, ಹೋದ. ನಾನು ಅವನ ಬೆನ್ನನ್ನೇ ನೋಡಿದೆ. ಹೀಗೂ ಬದುಕುವವರು ಇದ್ದಾರಲ್ಲ ಎನ್ನಿಸಿತು.

ನನ್ನ ಪ್ರಯೋಗಗಳಿಗೆ ಹುಲುಗಪ್ಪ ಒಂದು ಬುಧವಾರ ತೆರೆ ಎಳೆದ. ಬಂಕಿನಿಂದ ಬಂದವನೇ ಕೀಲಿಕೈಯನ್ನು ನನ್ನ ಮೇಜಿನ ಮೇಲೆ ಇಟ್ಟ.

"ಸಾವ್ಕಾರ್ರ, ಇನ್ನ ನನ್ ಕೈಲೆ ಆಗಂಗಿಲ್ರಿ. ಬಂಕಿನ್ಯಾಗ ನನ್ ಗಾಡಿ ಕಂಡ್ರ ಸಾಕು, ಅರ್ಧರ್ಧ ಬಂದ ನೋಡ್ರಲೇ ಅಂತಾರ. ನನಗ ಹೆಸರs ಇಟ್ಬಿಟ್ಟಾರ. ಗಣಿ ಟಿಪ್ಪರ್ ಹೊಡಿಯಾಕ ಕರದಾರ. ಸೋಮವಾರದ ಮಟ ಟೈಮ್ ಕೊಡ್ತೀನಿ. ಯಾವುದರ ಒಂದು ಗಟ್ಟಿ ಮಾಡ್ರಿ. ಇಲ್ಲಾಂದ್ರ ನಾ ಹೊಂಟೆ."

"ಅಲ್ಲಪ್ಪಾ, ಎಂಜಿನ್ ಸಲುವಾಗಿ…"

"ಎಂಜಿನ್ ಏನಾಗೈತ್ರಿ? ನಾವು ಹೊರೋದು ಮಂಡಕ್ಕಿ ರೀ! ಮುಗಿಲಿನಷ್ಟು ಎತ್ತರ ಹೇರಿದ್ರೂ ಒಳಗ ಬರೇ ಗಾಳಿ. ಕಬ್ಬಿಣದ ಅದಿರು ಹೊರೋ ಡ್ರೈವರ್‌ಗಳು ಚಾದಂಗಡಿಯಾಗ ನನ್ನ ಕೇಳ್ತಾರ, ಯಾಕಲೇ ಹುಲುಗ, ಮಂಡಕ್ಕಿ ಭಾಳ ಭಾರ ಅದಾವೇನು ಅಂತ."

ಅವನು ಹೋಗಿಬಿಟ್ಟರೆ ಭಟ್ಟಿಯ ಬಾಗಿಲು ಹಾಕಿದಂತೆಯೇ. ಮಂಡಕ್ಕಿ ಸಾಗಿಸುವುದು ಭಾರ ಸಾಗಿಸುವಂಥದ್ದಲ್ಲ. ಮನೆಯೆತ್ತರ ಹೇರಿದ ಚೀಲಗಳು ಗಾಳಿಗೆ ಎತ್ತ ವಾಲುತ್ತವೆ ಎಂದು ತಿಳಿದು ಹಗ್ಗ ಬಿಗಿಯಬೇಕು. ಅದಿರಿನ ಲಾರಿ ಪಕ್ಕದಲ್ಲಿ ಹಾದಾಗ ಸ್ಟೇರಿಂಗ್ ಎಷ್ಟು ಹಿಡಿಯಬೇಕು ಎಂದು ಗೊತ್ತಿರಬೇಕು. ಹುಲುಗಪ್ಪನ ಹದಿನಾರು ವರ್ಷದಲ್ಲಿ ಒಂದು ಚೀಲ ರಸ್ತೆಗೆ ಬಿದ್ದಿಲ್ಲ. ಅದಲ್ಲದೆ, ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಇನ್ನೊಬ್ಬರು ಎಂದರೆ ಅನ್ನಪೂರ್ಣ ಮಾತ್ರ. ಅವಳಿಗೂ ಟಿಪ್ಪರ್ ಹೊಡೆಯಲು ಬರುತ್ತಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಶನಿವಾರ ಸಾದಾ ಪೆಟ್ರೋಲ್ ಹಾಕಿಸಿ ನಾನೇ ಪಕ್ಕದಲ್ಲಿ ಕೂತು ಹೊರಟೆ. ಏರು ಬಂತು. ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಆನಿಸಿದೆ. ಗಾಡಿ ಬೆಣ್ಣೆ ಸವರಿದಂತೆ ಏರಿತು. ಟಕ ಇಲ್ಲ, ಟಿಕ ಇಲ್ಲ. ಇಳಿಸಿ ಮತ್ತೊಮ್ಮೆ ಏರಿಸು ಎಂದೆ. ಹುಲುಗಪ್ಪ ಮತ್ತೊಮ್ಮೆ ಏರಿಸಿದ. ಊಹೂಂ. ಡಾಕ್ಟರ ಮುಂದೆ ಕೂತ ಕೂಡಲೇ ನನ್ನ ಎದೆನೋವು ಮಾಯವಾಗುವಂತೆ ಗಾಡಿಯೂ ನನ್ನನ್ನು ಕಂಡು ಸದ್ದು ನುಂಗಿಕೊಂಡಿತ್ತು. ಸಮಾಧಾನವಾಗಬೇಕಿತ್ತು. ಇನ್ನೂ ಗಾಬರಿಯಾಯಿತು. ನನ್ನಿಂದ ಮುಚ್ಚಿಡುವಂಥದ್ದು ಅದಕ್ಕೇನಿದೆ?

ಕೊನೆಗೆ ಬಸ್‌ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನ ಬಾಷಾ ಮೇಸ್ತ್ರಿಯ ಕಾಲಿಗೆ ಬಿದ್ದೆ. ಆತ ಅರ್ಧ ಹೊಸಪೇಟೆಯ ಎಂಜಿನ್‌ಗಳನ್ನು ಕಿವಿಯಿಂದಲೇ ಗುರುತಿಸುವಾತ. "ಸೋಮವಾರ ನಾ ಹೋಗಿ ಕೇಳ್ತೀನಿ ತಗೋರಿ. ನೀವು ಭಟ್ಟಿ ಬಿಟ್ಟು ಬರಬ್ಯಾಡ್ರಿ. ಮತ್ತ ಹ್ಯಾಂಗ ದಿನಾ ನಡೀತೈತೋ ಹಂಗs ನಡೀಲಿ, ಏನೂ ಬದ್ಲಿ ಮಾಡಬ್ಯಾಡ್ರಿ" ಎಂದ. ಸಾದಾ ಪೆಟ್ರೋಲ್, ಎಂದಿನ ಹೇರು, ಎಂದಿನ ದಾರಿ. ಇಬ್ಬರೂ ಹೊರಟರು. ಹುಲುಗಪ್ಪನ ಗಡುವಿನ ದಿನವೂ ಅದೇ. ನಾನು ಭಟ್ಟಿಯ ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಬಾಗಿಲಿಗೆ ಓಡಾಡಿದೆ. ಏರು ಸಿಗುವ ಹೊತ್ತಿಗೆ ಸರಿಯಾಗಿ, ಏನೂ ಬದಲಿಸಬೇಡಿ ಎಂದು ಮೇಸ್ತ್ರಿ ಹೇಳಿದ್ದನಲ್ಲ, ಫೋನ್ ಮಾಡಿದೆ.

ಎರಡನೇ ರಿಂಗಿಗೆ ಹುಲುಗಪ್ಪ ಎತ್ತಿದ. ಹಿನ್ನೆಲೆಯಲ್ಲಿ ಟಕಟಕ ಟಕಟಕ. ನಾನು ಗೆದ್ದವನಂತೆ, "ಬಂತಲ್ಲ! ಮೇಸ್ತ್ರಿಗೆ ಕೇಳಸ್ತೇನು?" ಎಂದು ಕೂಗಿದೆ. ಆ ಕಡೆಯಿಂದ ಬಾಷಾ ಮೇಸ್ತ್ರಿಯ ಗಂಟಲು ಗುಡುಗಿತು: "ಫೋನ್ ಇಡ್ರಿ ಸಾವ್ಕಾರ್ರ! ಮೊದ್ಲು ಫೋನ್ ಇಡ್ರಿ!"

ಇಟ್ಟೆ. ಹತ್ತು ನಿಮಿಷದ ಮೇಲೆ ಗುಡ್ಡದ ತುದಿಯಿಂದ ಅವರೇ ಮಾಡಿದರು. ಮೇಸ್ತ್ರಿ ಮಾತಿನ ನಡುನಡುವೆ ನಗುತ್ತಿದ್ದ.

"ರೋಗ ಸಿಕ್ತ್ರಿ. ನಿಮ್ಮ ಫೋನ್ ಬರೋ ಮಟ ಗಾಡಿ ಮಸ್ತ್ ಏರ್ತಿತ್ತು. ಫೋನ್ ಬಂತು, ಇವ ಬಲಗೈಯಾಗ ಫೋನ್ ಹಿಡದ, ಎಡಗೈಯಾಗ ಸ್ಟೇರಿಂಗ್ ಹಿಡದ. ಗೇರ್ ಯಾರ್ ಇಳಸಬೇಕ್ರಿ? ಮಂಡಕ್ಕಿ ಚೀಲ ಇಳಸ್ತಾವೇನು? ಅಂಥಾ ಏರು ಟಾಪ್ ಗೇರಿನ್ಯಾಗ ಹತ್ತಂದ್ರ ಯಾವ ಎಂಜಿನ್ನಾದ್ರೂ ಟಕಟಕ ಅಂತೈತಿ. ಫೋನ್ ಇಟ್ರಿ, ಇವ ಗೇರ್ ಇಳಿಸಿದ, ಸದ್ದು ಹೋತು. ಬಂಕಿನ್ಯಾಗ ಏನೂ ತಪ್ಪಿಲ್ಲ. ಈಗ ನಿಮ್ಮ ಫೋನಿಗೆ ಎಷ್ಟು ಆಕ್ಟೇನಿಂದು ಹಾಕ್ತೀರಿ ಹೇಳ್ರಿ!"

ನನಗೆ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಪ್ರೀಮಿಯಂ ಹಾಕಿಸಿದ ದಿನ ಫೋನ್ ಮಾಡುತ್ತಿರಲಿಲ್ಲ, ಸದ್ದಿರಲಿಲ್ಲ. ಪಕ್ಕದಲ್ಲೇ ಕೂತ ದಿನ ಫೋನ್ ಮಾಡುವಂತಿರಲಿಲ್ಲ, ಸದ್ದಿರಲಿಲ್ಲ. ಸದ್ದು ಇದೆಯೇ ಎಂದು ನಾನು ಕೇಳಿದಾಗ ಮಾತ್ರ ಸದ್ದು ಇರುತ್ತಿತ್ತು. ಆದರೂ ಸೋಲೊಪ್ಪದೆ ಹುಲುಗಪ್ಪನನ್ನು ಗದರಿದೆ. "ಏರಿನ್ಯಾಗ ಫೋನ್ ಎತ್ತಂತ ಯಾರ್ ಹೇಳಿದ್ರು ನಿನಗ?"

"ನೀವs ಹೇಳಿದ್ರಿ. ಎರಡನೇ ರಿಂಗಿಗೆ ಎತ್ತಬೇಕು ಅಂತ. ಹೋದ ವರ್ಷ ಒಮ್ಮೆ ಎತ್ತಲಿಲ್ಲ ಅಂತ ಸಂಡೂರಿನ ಅಂಗಡಿಯವ್ರಿಗೆಲ್ಲ ಫೋನ್ ಹಚ್ಚಿ ನನ್ನ ಆಸ್ಪತ್ರ್ಯಾಗ ಹುಡುಕಿಸೀರಿ. ನಾ ಅಲ್ಲೇ ಮಿರ್ಚಿ ತಿನ್ಕೋಂತ ಕುಂತಿದ್ದೆ, ಅಂಗಡಿಯವ ಬಂದು ಜೀವಂತ ಅದಿಯೇನಲೇ ಅಂದ."

ಸಂಜೆ ಬಂದು ಅವನು ಕೀಲಿಕೈಯನ್ನು ಮೇಜಿನ ಮೇಲಿಡಲಿಲ್ಲ, ಕೈಯಲ್ಲೇ ಹಿಡಿದು ನಿಂತ. ಉಳಿಯಲು ಎರಡು ಷರತ್ತು ಹಾಕಿದ. ಸಾದಾ ಪೆಟ್ರೋಲ್, ಅದನ್ನೂ ಅವನೊಬ್ಬನೇ ಹೋಗಿ ಹಾಕಿಸಬೇಕು. ಗಾಡಿ ಸಂಡೂರು ಮುಟ್ಟುವ ತನಕ ನಾನು ಫೋನ್ ಮುಟ್ಟಬಾರದು. ಆಯಿತು ಎಂದೆ. ಅನ್ನಪೂರ್ಣ ಸಾಕ್ಷಿ ನಿಂತಳು. ಹುಲುಗಪ್ಪ ಟಿಪ್ಪರಿನವರಿಗೆ ಬರುವುದಿಲ್ಲ ಎಂದು ನನ್ನ ಎದುರಿಗೇ ಹೇಳಿದ.

ಒಂದು ವಾರ ಮಾತು ಉಳಿಸಿಕೊಂಡೆ. ಹೇಗೆ ಉಳಿಸಿಕೊಂಡೆ ಎಂದು ಕೇಳಬೇಡಿ. ಮೊನ್ನೆ, ಅದೇ ಏರಿನ ಹೊತ್ತಿಗೆ, ನನ್ನ ಫೋನೇ ಹೊಡೆದುಕೊಂಡಿತು. ತೆರೆಯ ಮೇಲೆ ಹುಲುಗಪ್ಪನ ಹೆಸರು. ಎತ್ತಿದರೆ ಮಾತು ತಪ್ಪಿದಂತೆ, ಅವನು ಗೇರಿನಿಂದ ಕೈ ಬಿಟ್ಟಂತೆ. ಎತ್ತದಿದ್ದರೆ ಅಲ್ಲಿ ಏನಾಗಿದೆಯೋ. ಮತ್ತೆ ಎರಡರಲ್ಲಿ ಒಂದು! ಫೋನ್ ಸುಮ್ಮನಾಯಿತು, ಮತ್ತೆ ಹೊಡೆದುಕೊಂಡಿತು. ಮೂರನೆಯ ಸಲಕ್ಕೆ ಎತ್ತಿದೆ.

"ಯಾಕ್ರಿ ಎತ್ತವಲ್ರಿ? ಗಾಬರಿ ಆತು ನನಗ" ಎಂದ ಹುಲುಗಪ್ಪ. "ಸೈಡಿಗೆ ಹಾಕಿ ನಿಂತೀನಿ ತಗೋರಿ. ವಾರ ಆತು, ಏರಿನ್ಯಾಗ ನಿಮ್ ಫೋನs ಇಲ್ಲ. ಆರಾಮ ಅದೀರೋ ಇಲ್ಲೋ ಅಂತ ಜೀವ ಚುಟುಚುಟು ಅಂತು. ಅದಕ್ಕ ಮಾಡಿದೆ."

ನನಗೆ ಕಣ್ಣು ತುಂಬಿ ಬಂತು. ಆರಾಮ ಇದ್ದೀನಪ್ಪ, ನೀ ಹುಷಾರಾಗಿ ಹೋಗು ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಹೆಂಗಿದ್ರೂ ಫೋನ್ ಮಾಡೀಯಲ್ಲ, ಇಡಬ್ಯಾಡ, ಜೇಬಿನ್ಯಾಗ ಹಂಗs ಹಾಕ್ಕೊಂಡು ಗಾಡಿ ಚಾಲೂ ಮಾಡು ನೋಡೋಣು" ಎಂದೆ. ಹುಲುಗಪ್ಪ ಫೋನ್ ಇಡಲಿಲ್ಲ. ಗಾಡಿ ಚಾಲೂ ಆಯಿತು. ಗೇರ್ ಬಿತ್ತು, ಏರು ಹತ್ತಿತು. ಕಿವಿಗೊಟ್ಟು ಕೇಳಿದೆ. ಒಂದಿಷ್ಟೂ ಸದ್ದಿಲ್ಲ. ಅಷ್ಟು ನಿಶ್ಶಬ್ದವಾಗಿ ಓಡುವುದು ಎಂಜಿನ್ನಿಗೆ ಒಳ್ಳೆಯದೋ ಅಲ್ಲವೋ, ಬಾಷಾ ಮೇಸ್ತ್ರಿಯನ್ನು ಒಮ್ಮೆ ಕೇಳಬೇಕು.