ಅಯ್ಯೋ ಯಾವ ಭಾಷೆಯ ಪದ?

ಆದ ತಪ್ಪು ಇಷ್ಟು: ಹೊಸೂರಿನ ಹತ್ತಿರದ ತಳಿ ಊರಿನ ಕಡೆಯ ಮಂಗಮ್ಮ ಎಂಬ ಅರವತ್ತೆಂಟು ವರ್ಷದ ಹೆಂಗಸಿನ ದನಿಯನ್ನು ಗಡಿನಾಡು ಕಿರುಚಿತ್ರ ಸಂರಕ್ಷಣಾ ಸಮಿತಿಯವರು ನಿಯಮದ ಪ್ರಕಾರ ಕಿತ್ತು, ಕವರಿಗೆ ಹಾಕಿ, ಅರಗು ಒತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಕಿತ್ತುಕೊಂಡದ್ದಕ್ಕೆ ರಸೀದಿ ಕೊಟ್ಟಿದ್ದಾರೆ. ಆ ವಿಷಯದಲ್ಲಿ ಅವರ ಮೇಲೆ ದೂರಿಲ್ಲ.

ಲಕ್ಷ್ಮೀಪತಿ ಮಂಗಮ್ಮನ ತಂಗಿಯ ಮಗ. ನಿರ್ಮಾಪಕರಿಲ್ಲದೆ ತಾನೇ ಸಿನಿಮಾ ಮಾಡುವವನು. ಅವನ ಮೊದಲ ಕಿರುಚಿತ್ರಗಳನ್ನು ಮತ್ತೆ ತೋರಿಸುವ ‘ಹಿನ್ನೋಟ’ ಕಾರ್ಯಕ್ರಮವನ್ನು ಹೊಸೂರಿನಲ್ಲಿ ನಡೆಸುತ್ತೇವೆ ಎಂದು ಸಮಿತಿಯಿಂದ ಕಾಗದ ಬಂದಾಗ ಅವನು ಅದನ್ನು ಮೂರು ಸಲ ಓದಿಕೊಂಡ. ಹನ್ನೆರಡು ವರ್ಷದ ಹಿಂದೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುತ್ತ, ವಾರದ ರಜೆಯಲ್ಲಿ ಫೋನಿನಲ್ಲೇ ತೆಗೆದ ಮೂರು ಚಿತ್ರಗಳವು. ಮೊದಲನೆಯದು ಶಿಫ್ಟ್ ಬಸ್ಸಿನ ಕಥೆ. ಅದರ ಮೂಲೆಯಲ್ಲಿ ಆರಂಭದಿಂದ ಕೊನೆಯವರೆಗೂ ಲಕ್ಷ್ಮೀಪತಿಯ ಹೆಬ್ಬೆರಳಿತ್ತು. ನೋಡಿದವರೊಬ್ಬರು ಅದನ್ನು ಬಂಡವಾಳಶಾಹಿಯ ಸಂಕೇತ ಎಂದರು. ಅವನು ಹೌದೆಂದ. ಎರಡನೆಯದರಲ್ಲಿ ನಾಯಕ ಅರ್ಧದಲ್ಲೇ ಫ್ಯಾಕ್ಟರಿಗೆ ಓವರ್‌ಟೈಮ್ ಮಾಡಲು ಹೊರಟುಹೋದ. ಮಿಕ್ಕ ಅರ್ಧದಲ್ಲಿ ಅವನ ಅಂಗಿ ತೊಟ್ಟ ಲಕ್ಷ್ಮೀಪತಿಯ ಭಾವಮೈದ ಬೆನ್ನು ತಿರುಗಿಸಿಕೊಂಡೇ ಪ್ರೇಮ ನಿವೇದಿಸಿದ.

ಮೂರನೆಯದು ನಾಲ್ಕೇ ನಿಮಿಷದ್ದು. ಬೆಳಗಿನ ಹೊತ್ತು ರಾಗಿ ತೆನೆಯ ಮೇಲಿನ ಇಬ್ಬನಿ ಹಿಡಿಯೋಣವೆಂದು ದೊಡ್ಡಮ್ಮನ ಹೊಲಕ್ಕೆ ಹೋದವನಿಗೆ ಆನೆ ಸಿಕ್ಕಿತು. ಫೋನು ಗಡಗಡ ನಡುಗಿತು. ಮಂಗಮ್ಮ ನಡುಗಲಿಲ್ಲ. ಬದುವಿನ ಮೇಲೆ ನಿಂತು, ಸೀರೆ ಎತ್ತಿ ಸಿಕ್ಕಿಸಿ, ಕನ್ನಡದಲ್ಲಿ ಬೈದು, ತಮಿಳಿನಲ್ಲಿ ಕೈಮುಗಿದು, ತೆಲುಗಿನಲ್ಲಿ ಆಣೆಯಿಟ್ಟು, ಕಡೆಗೆ ಮೂರು ಊರಿಗೆ ಕೇಳುವಂತೆ ‘ಅಯ್ಯೋ!’ ಎಂದಳು. ಆನೆ ತಿರುಗಿ ಹೋಯಿತು.

“ಅದ್ಯಾಕೆ ದೊಡ್ಡಮ್ಮ ಮೂರ್ ಭಾಷೆ?” ಎಂದು ಆವತ್ತು ಕೇಳಿದ್ದ.

“ಅಲ್ಲಾ ಕಣ್ಲಾ, ಅದು ಬನ್ನೇರುಘಟ್ಟದ ಕಡೆಯಿಂದ ಬತ್ತದೆ, ನಮ್ ರಾಗಿ ತಿಂತದೆ, ಕುಪ್ಪಂ ಕಡೆ ಓಯ್ತದೆ. ಅದುಕ್ಕೆ ಯಾವ್ ಬಾಸೆ ಬತ್ತದೋ ನಂಗೇನ್ಲಾ ಗೊತ್ತು? ಮೂರ್ರಾಗೂ ಏಳ್ಬುಟ್ಟೆ.”

ಮೂರು ವರ್ಷದ ಹಿಂದೆ ಮಂಗಮ್ಮನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಬರುವುದು ಪಿಸುಮಾತು ಮಾತ್ರ. ಐದು ವರ್ಷದ ಮೊಮ್ಮಗಳು ವನಿತಾ ಅಜ್ಜಿಯ ದನಿಯೆಂದರೆ ಇದೇ ಎಂದುಕೊಂಡಿದ್ದಾಳೆ. ಹಿನ್ನೋಟದ ಸುದ್ದಿ ಕೇಳಿ ಮಂಗಮ್ಮ ಲಕ್ಷ್ಮೀಪತಿಯ ಕಿವಿಗೆ ಬಾಯಿಟ್ಟು ಹೇಳಿದಳು: “ನನ್ ಗಂಟ್ಲು ಎಂಗಿತ್ತು ಅಂತ ಮಗಾ ಒಂದ್ಸಲ ಕೇಳ್ಲಿ ಕಣಪ್ಪ. ಸಾಕು ನಂಗೆ.”

ಆ ಚಿತ್ರಕ್ಕಿದ್ದದ್ದು ಒಂದೇ ಪ್ರತಿ, ಒಂದು ಮೆಮೊರಿ ಕಾರ್ಡಿನಲ್ಲಿ. ಮೂಲವನ್ನೇ ಸಲ್ಲಿಸತಕ್ಕದ್ದು ಎಂಬ ನಿಯಮವಿದ್ದುದರಿಂದ ಲಕ್ಷ್ಮೀಪತಿ ಅದನ್ನೇ ಕೊಟ್ಟ. ನಕಲು ಮಾಡಿಕೊಳ್ಳುತ್ತೇನೆ ಎಂದದ್ದಕ್ಕೆ, ನಕಲಾದ ಮೂಲವನ್ನು ಮೂಲವೆಂದು ಪರಿಗಣಿಸಲಾಗದು ಎಂದರು. ಅವನು ತಲೆಯಾಡಿಸಿದ. ಹಿನ್ನೋಟದ ಆಸೆ ಅಂಥದು.

ಅರ್ಜಿಯ ಒಂಬತ್ತನೇ ಕಲಮಿನಲ್ಲಿ ‘ಭಾಷೆ: ಒಂದನ್ನು ಮಾತ್ರ ಗುರುತಿಸಿ’ ಎಂದಿತ್ತು. ಅವನು ಮೂರನ್ನೂ ಗುರುತಿಸಿದ. ಅರ್ಜಿ ವಾಪಸು ಬಂತು. ಖಾಲಿ ಬಿಟ್ಟ. ಆಗಲೂ ಬಂತು. ಕೊನೆಗೆ ಅಧ್ಯಕ್ಷ ಚೆನ್ನಕೇಶವ ಅವರು ಒಂದೊಂದು ಭಾಷೆಗೆ ಒಬ್ಬರಂತೆ ಮೂವರು ತಜ್ಞರ ಪದಗಣನಾ ಉಪಸಮಿತಿ ರಚಿಸಿದರು. ಬಹುಮತ ಬಂದ ಭಾಷೆಗೆ ಚಿತ್ರ ಎಂದಾಯಿತು. ಎಣಿಸಿದಾಗ ಮಂಗಮ್ಮ ಆಡಿದ ಮಾತು ಮೂವತ್ತೊಂದು: ಕನ್ನಡ ಹತ್ತು, ತಮಿಳು ಹತ್ತು, ತೆಲುಗು ಹತ್ತು, ಉಳಿದದ್ದು ಒಂದು ಅಯ್ಯೋ.

“ಅಯ್ಯೋ, ಅದು ಕನ್ನಡದ್ದು!” ಎಂದರು ಕನ್ನಡದ ತಜ್ಞರು.

“ಅಯ್ಯೋ, ನಮ್ಮದು ಸಾರ್!” ಎಂದರು ತಮಿಳಿನವರು.

ತೆಲುಗಿನವರು ಬರೀ “ಅಯ್ಯೋ!” ಎಂದು ಹಣೆ ಚಚ್ಚಿಕೊಂಡರು.

ನಡಾವಳಿ ಬರೆಯುತ್ತಿದ್ದ ಕಾರ್ಯದರ್ಶಿ ಚಂದ್ರಲೇಖಾ ಪೆನ್ನು ಕೆಳಗಿಟ್ಟು, “ಸಾರ್, ಈಗ ಹೇಳಿದ್ರಲ್ಲ, ಈ ಮೂರು ಅಯ್ಯೋನ ಯಾವ ಭಾಷೇಲಿ ಬರ್ಕೊಳ್ಲಿ?” ಎಂದರು. ಸಭೆಯನ್ನು ಮುಂದೂಡಲಾಯಿತು.

“ನೀವೇ ಯಾವುದೋ ಒಂದು ಬರ್ಕೊಂಡ್ಬಿಡಿ ಸಾರ್,” ಎಂದು ಲಕ್ಷ್ಮೀಪತಿ ಗೋಗರೆದ.

“ದಾಖಲೆಯಲ್ಲಿ ಸುಳ್ಳು ಬರೆಯೋಕಾಗಲ್ಲ ಕಣ್ರೀ,” ಎಂದರು ಚೆನ್ನಕೇಶವ. ಅವರು ಕೆಟ್ಟವರಲ್ಲ. “ಒಂದು ಕೆಲಸ ಮಾಡಿ. ಆಯಮ್ಮನ್ನ ಕರ್ಕೊಂಡ್ ಬನ್ನಿ. ಯಾವುದಾದ್ರೂ ಭಾಷೇಲಿ ಇನ್ನೊಂದೇ ಒಂದು ಮಾತು ಹೇಳ್ಸಿ, ಸೇರಿಸ್ಬಿಡೋಣ. ಬಹುಮತ ಬಂದ್ಬಿಡತ್ತೆ.”

ಮಂಗಮ್ಮ ತಳಿಯಿಂದ ಬಸ್ಸಿನಲ್ಲಿ ಬಂದಳು. ಮೈಕಿಗೆ ಬಾಯಿ ತಾಗಿಸಿ, ಕತ್ತಿನ ನರ ಉಬ್ಬುವಷ್ಟು ಜೋರಾಗಿ “ಓಗು” ಎಂದಳು. ಯಂತ್ರದ ಮುಳ್ಳು ಕದಲಲಿಲ್ಲ. ಇನ್ನೊಮ್ಮೆ ಎಂದಳು. ರೆಕಾರ್ಡಿಂಗಿನವನು ಪುಸ್ತಕದಲ್ಲಿ ‘ಫ್ಯಾನಿನ ಗಾಳಿ’ ಎಂದು ಬರೆದುಕೊಂಡ. ಫ್ಯಾನಿಗೆ ಭಾಷೆ ಇಲ್ಲದ ಕಾರಣ ಅದನ್ನು ಲೆಕ್ಕಕ್ಕೆ ಸೇರಿಸಲಿಲ್ಲ.

ಮರುದಿನ ಪ್ರಕಟಣೆ ಹೊರಬಿತ್ತು:

“ಯಾವ ಭಾಷೆಗೂ ಬಹುಮತವಿಲ್ಲದ ಚಿತ್ರವನ್ನು ಭಾಷೆಯೇ ಇಲ್ಲದ ಚಿತ್ರವೆಂದೂ, ಭಾಷೆಯೇ ಇಲ್ಲದ ಚಿತ್ರವನ್ನು ಮೂಕಿ ಚಿತ್ರವೆಂದೂ ಭಾವಿಸತಕ್ಕದ್ದು. ಮೂಕಿ ಚಿತ್ರದಲ್ಲಿ ಧ್ವನಿ ಇರುವುದು ನಿಯಮಬಾಹಿರವಾದ್ದರಿಂದ ಸದರಿ ಧ್ವನಿಯನ್ನು ಬೇರ್ಪಡಿಸಿ ಭದ್ರಪಡಿಸಲಾಗಿದೆ. ಪ್ರೇಕ್ಷಕರು ಸಹಕರಿಸಬೇಕು.”

ಪ್ರೇಕ್ಷಕರು ಸಹಕರಿಸಿದರು. ಹಿನ್ನೋಟದ ದಿನ ಸಭಾಂಗಣ ತುಂಬಿತ್ತು. ಪರದೆಯ ಮೇಲೆ ಮಂಗಮ್ಮ ಬಾಯಿ ತೆರೆದಳು, ಮುಚ್ಚಿದಳು, ತೆರೆದಳು. ಆನೆ ಯಾವ ಕಾರಣವೂ ಇಲ್ಲದೆ ವಾಪಸು ಹೋಯಿತು. ಮುಂದಿನ ಸಾಲಿನಲ್ಲಿ ವನಿತಾ ಅಜ್ಜಿಯ ತೊಡೆಯ ಮೇಲೆ ಕೂತಿದ್ದಳು.

“ಅಜ್ಜೀ, ಆವಾಗ್ಲೂ ನಿಂಗೆ ಜೋರಾಗಿ ಮಾತಾಡಕ್ಕೆ ಬತ್ತಿರ್ಲಿಲ್ವಾ?”

ಮಂಗಮ್ಮ ಏನೋ ಹೇಳಿದಳು. ಚಪ್ಪಾಳೆಯಲ್ಲಿ ಅದು ಕೇಳಿಸಲಿಲ್ಲ. ಅಷ್ಟರಲ್ಲಿ ಅವಳಿಗೆ ಅತ್ಯುತ್ತಮ ಮೂಕಾಭಿನಯದ ಶಾಲು ಹೊದಿಸಿದರು. ಮೂವರು ತಜ್ಞರೂ ಒಕ್ಕೊರಲಿನಿಂದ ಅವಳ ಮೌನವನ್ನು ಹೊಗಳಿದರು. ಆ ಮೌನ ಅಚ್ಚಗನ್ನಡದ್ದು ಎಂದು ಒಬ್ಬರು ಶುರುಮಾಡಿದ್ದರು. ಚೆನ್ನಕೇಶವ ಆ ತಜ್ಞರ ಅಂಗಿ ಜಗ್ಗಿ ಕೂರಿಸಿದರು.

ಈಗ ಲಕ್ಷ್ಮೀಪತಿ ಗಡಿನಾಡಿನ ಮೂಕಿ ಚಿತ್ರದ ಹರಿಕಾರ. ಇನ್ನೂ ಎರಡು ಊರಿನಿಂದ ಕರೆ ಬಂದಿದೆ. ಸಂದರ್ಶನಕ್ಕೆ ಬಂದವರಿಗೆ, “ಮೊದಲಿಂದಲೂ ಮೌನವೇ ನನ್ನ ಭಾಷೆ,” ಎನ್ನುತ್ತಾನೆ. ಹಾಗೆನ್ನುವಾಗ ದೊಡ್ಡಮ್ಮನ ಮನೆಯ ದಿಕ್ಕಿಗೆ ಮುಖ ಮಾಡುವುದಿಲ್ಲ. ಮಂಗಮ್ಮ ಶಾಲನ್ನು ಮಡಿಸಿಟ್ಟಿದ್ದಾಳೆ. ಊರವರು, ಬಹುಮಾನ ಬಂತಲ್ಲ ಬಿಡು ಎನ್ನುತ್ತಾರೆ.

ಪ್ರಕಟಣೆಯ ಹಿಂಬದಿಯಲ್ಲಿ ಸಣ್ಣಕ್ಷರದ ಒಂದು ಸಾಲಿದೆ, ಯಾರೂ ಓದಿಲ್ಲ: ಸಾರ್ವಜನಿಕರು ಮೂವತ್ತು ದಿನದೊಳಗೆ ಕಚೇರಿಗೆ ಬಂದು ಬಾಯಿಮಾತಿನಲ್ಲಿ ಆಕ್ಷೇಪಿಸಿದರೆ ಕವರು ಒಡೆಯಲಾಗುವುದು. ಇಪ್ಪತ್ತೊಂದು ದಿನ ಕಳೆದಿದೆ. ಒಬ್ಬರೂ ಹೋಗಿಲ್ಲ. ಓದುತ್ತ ಕೂತಿರುವ ನಿಮಗೆ ಗಂಟಲು ನೆಟ್ಟಗಿದೆ. ಏಳಿ, ಹೊಸೂರಿನ ಬಸ್ಸು ಹತ್ತಿ. ಆ ಬೀರುವಿನ ಮುಂದೆ ನಿಂತು ಕೂಗಿ. ಯಾವ ಭಾಷೆ ಎಂದು ಕೇಳಿದರೆ ಇನ್ನೂ ಜೋರಾಗಿ ಕೂಗಿ.