ಪಾಲಾಕ್ಷನ ಕೊನೇ ಸಾಲು

ಸುಬ್ಬಮ್ಮ ಕೂತದ್ದು ಪಾಲಾಕ್ಷನ ಕನ್ನಡಕದ ಮೇಲೆ.

ಜಗಲಿಯಲ್ಲಿ ಬಣ್ಣದ ಡಬ್ಬಿಗಳಿದ್ದವು, ಕುಂಚಗಳಿದ್ದವು, ಅರ್ಧ ಬರೆದ ದೊಡ್ಡ ಬೋರ್ಡೊಂದು ಗೋಡೆಗೆ ಒರಗಿತ್ತು. ಇಷ್ಟೆಲ್ಲ ಬಿಟ್ಟು ಪಕ್ಕದ ಮನೆಯ ಸುಬ್ಬಮ್ಮ, ಪಾಲಾಕ್ಷ ಮುಖ ತೊಳೆಯಲೆಂದು ಕನ್ನಡಕ ತೆಗೆದಿಟ್ಟ ಜಾಗವನ್ನೇ ಆರಿಸಿಕೊಂಡು ಕೂತಳು. ಹಪ್ಪಳ ಮುರಿದ ಹಾಗೆ ಸದ್ದಾಯಿತು.

"ಅಯ್ಯಯ್ಯೋ, ಏನ್ಲಾ ಪಾಲಾಕ್ಸ ಇದು, ಚುಚ್ಬುಡ್ತು?"

"ನನ್ ಕಣ್ಣು ಕಣಕ್ಕ," ಎಂದ ಪಾಲಾಕ್ಷ, ಮುಖದಿಂದ ನೀರು ತೊಟ್ಟಿಕ್ಕಿಸುತ್ತಾ.

"ನಂಗೆ ಕಾಣ್ನಿಲ್ಲ ಕಣಪ್ಪ. ಈ ಕನ್ನಡ್ಕ ಹಾಕ್ಕಂಡಾಗ್ಲಿಂದ ಜಗಲಿ ಎಲ್ಲೈತೆ, ಬೀದಿ ಎಲ್ಲೈತೆ ಒಂದೂ ಗೊತ್ತಾಗಾಕಿಲ್ಲ." ಸುಬ್ಬಮ್ಮ ತನ್ನ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿನಿಂದ ಬಗ್ಗಿ ನೋಡಿದಳು. "ಹೂಂ. ಎಲ್ಡು ಗಾಜೂ ಪುಡಿಪುಡಿ. ಎಡಗಡೆ ಕಡ್ಡೀನೂ ಓಯ್ತು."

ಪಾಲಾಕ್ಷ ಹೊಳೆನರಸೀಪುರದಲ್ಲಿ ಬೋರ್ಡು ಬರೆಯುವವನು. ಅವನ ಕಣ್ಣುಗಳು ಒಂದೇ ಮುಖದಲ್ಲಿದ್ದರೂ ಒಂದೇ ಮನೆಯವಲ್ಲ. ಬಲಗಣ್ಣಿಗೆ ಹತ್ತಿರದ್ದು ಕಾಣದು, ಎಡಗಣ್ಣಿಗೆ ದೂರದ್ದು ಕಾಣದು. ಎರಡನ್ನೂ ಒಟ್ಟಿಗೆ ತೆರೆದರೆ ನೇರ ಗೆರೆ ದಣಿದ ಎತ್ತಿನ ಹಾಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಮುರಿದುಹೋದ ಕನ್ನಡಕ ಬಹಳ ಹಿಂದೆ ಮೈಸೂರಿನಲ್ಲಿ ಮಾಡಿಸಿದ್ದು. ಅದು ಅರ್ಧ ಸತ್ಯ ಹೇಳುತ್ತಿತ್ತು. ಆ ಅರ್ಧ ಸತ್ಯದಲ್ಲೇ ಅವನ ಸಂಸಾರ ನಡೆಯುತ್ತಿತ್ತು.

ಆದರೆ ಈಚೆಗೆ ಅದೂ ಕಷ್ಟವಾಗಿತ್ತು. ಹಾಸನಕ್ಕೆ ಫ್ಲೆಕ್ಸ್ ಮಿಷನ್ ಬಂದ ಹೊಸತು. ಹೋದ ತಿಂಗಳು ಬಟ್ಟೆ ಅಂಗಡಿಯವರು, ತಮ್ಮ ಹೆಸರು ಬೆಟ್ಟ ಹತ್ತುತ್ತಿದೆ ಎಂದು ಪಾಲಾಕ್ಷನ ಬೋರ್ಡನ್ನು ಇಳಿಸಿ ಫ್ಲೆಕ್ಸ್ ಹಾಕಿಸಿದ್ದರು. ಈಗ ಉಳಿದಿದ್ದು ಚಂದ್ರಶೇಖರಯ್ಯನವರ ಕಾಫಿಪುಡಿ ಅಂಗಡಿಯ ಬೋರ್ಡು. ನಾಳೆ ಬೆಳಿಗ್ಗೆ ಅಂಗಡಿ ಪೂಜೆ.

ಅಷ್ಟು ಹೊತ್ತಿಗೆ ಚಂದ್ರಶೇಖರಯ್ಯನವರೇ ಬಂದರು. ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ ಬೋರ್ಡು ನೋಡಿದರು.

"ಏನಪ್ಪಾ ಪಾಲಾಕ್ಷ, ನಮ್ಮ ಕಾಫಿ ಹೊಳೆ ಕಡೆ ಜಾರ್ತಾ ಇದೆ?"

"ಅಳಿಸಿ ಬರೀತೀನಿ ಸಾ. ಕನ್ನಡ್ಕ ಮುರೀತು."

"ನೋಡಪ್ಪ, ಬೀದಿಯೋರೆಲ್ಲ ನನ್ನೇ ನೋಡ್ತಾ ಕೂತವ್ರೆ. ನಾನು ಫ್ಲೆಕ್ಸ್ ಹಾಕಿದ್ರೆ ನಾಳಿದ್ದು ಅವರೂ ಹಾಕ್ತಾರೆ. ನಿನ್ನ ಕೈಯಲ್ಲೇ ಬರೆಸ್ಬೇಕು ಅಂತ ನಂಗೂ ಆಸೆ. ಇವತ್ತು ಕತ್ತಲಾಗೋದ್ರೊಳಗೆ ನೆಟ್ಟಗೆ ಬರೆದ್ರೆ ಸರಿ. ಇಲ್ಲಾಂದ್ರೆ ಹಾಸನಕ್ಕೆ ಫೋನ್ ಮಾಡ್ತೀನಿ."

ಒಳಗಿನಿಂದ ಪಾಲಾಕ್ಷನ ಹೆಂಡತಿ ಹಂಸ ಇದನ್ನು ಕೇಳಿಸಿಕೊಂಡು, ಒಲೆ ಊದುವುದನ್ನು ನಿಲ್ಲಿಸಿದಳು.

"ಮುರಳೀಕೃಷ್ಣನ ಹತ್ರ ಹೋಗು," ಎಂದರು ಚಂದ್ರಶೇಖರಯ್ಯ. "ಅವನಂಥ ಕನ್ನಡಕದೋನು ಇಲ್ಲ. ನಂಗೆ ಅಕ್ಷರದ ಚಾರ್ಟಿನ ಕೊನೇ ಸಾಲು ಕಾಣಲ್ಲ ಅಂತ ನಂಗೇ ಗೊತ್ತಿರ್ಲಿಲ್ಲ, ಅವನೇ ಕಂಡು ಹಿಡಿದ."

"ನಂಗೂ ಅಷ್ಟೆಯಾ," ಎಂದಳು ಸುಬ್ಬಮ್ಮ. "ಗಾಜು ಬದ್ಲಾಯ್ಸಿ ಬದ್ಲಾಯ್ಸಿ, ಈಗ ಕಾಣ್ತದಾ, ಈಗ ಕಾಣ್ತದಾ ಅಂತ ಒಂದೇ ಸಮ. ನಂಗೆ ಎಮ್ಮೆ ಕರ್ಯೋ ಒತ್ತಾಗಿತ್ತು. ಕಾಣ್ತದೆ ಸಾ ಅಂದ್ಬುಟ್ಟೆ."

ಮುರಳೀಕೃಷ್ಣನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೆ. ಕುರ್ಚಿಯಲ್ಲಿ ಕೂತು, ಮಬ್ಬು ಮಬ್ಬಾಗಿ ಎದುರಿನ ಗೋಡೆ ನೋಡುತ್ತಿದ್ದ ಹಾಗೆಯೇ ಪಾಲಾಕ್ಷನಿಗೆ ತನ್ನ ಕಷ್ಟ ಅರ್ಥವಾಯಿತು. ಗೋಡೆಯ ಮೇಲಿದ್ದ ಅಕ್ಷರದ ಚಾರ್ಟು ಬರೆದವನು ಅವನೇ! ಅಂಗಡಿ ಶುರುವಾದಾಗ, ಹಳ್ಳಿಯವರಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲವೆಂದು ಮುರಳೀಕೃಷ್ಣ ಕನ್ನಡದಲ್ಲಿ ಬರೆಸಿದ್ದ. ಮೇಲೆ ಕುಂಬಳಕಾಯಿ ಗಾತ್ರದ ಒಂದು ಅಕ್ಷರ, ಕೆಳಗಿಳಿದ ಹಾಗೆ ಚಿಕ್ಕದಾಗುತ್ತಾ ಕೊನೇ ಸಾಲಿಗೆ ಸಾಸಿವೆಯಷ್ಟು. ಅದು ಚೆನ್ನಾಗಿದೆಯೆಂದು ಆಮೇಲೆ ಎಷ್ಟೋ ಕನ್ನಡಕದ ಅಂಗಡಿಯವರು ಮುರಳೀಕೃಷ್ಣನಿಗೆ ಹೇಳಿ ಅಂಥದ್ದನ್ನೇ ಬರೆಸಿ ತರಿಸಿಕೊಂಡಿದ್ದರು. ಆ ಸಾಲುಗಳು ಪಾಲಾಕ್ಷನಿಗೆ ಮಗ್ಗಿಯ ಹಾಗೆ ಬಾಯಿಗೆ ಹತ್ತಿದ್ದವು.

ಮುರಳೀಕೃಷ್ಣ ಕೋಲನ್ನು ಕೊನೇ ಸಾಲಿಗೆ ಇಟ್ಟ. ಕೋಲಿನ ತುದಿ ಕೂಡ ಪಾಲಾಕ್ಷನಿಗೆ ಕಾಣಲಿಲ್ಲ. ಆದರೆ ಬಾಯಿ ತಾನಾಗಿ ತೆರೆದುಕೊಂಡಿತು.

"ಟ, ಗ, ನ, ವ, ಪ, ರ."

ಮುರಳೀಕೃಷ್ಣ ಕೋಲು ಹಿಡಿದೇ ಓಡಿಬಂದ. "ಪಾಲಾಕ್ಷ! ಈ ಅಂಗಡೀಲಿ ಕೊನೇ ಸಾಲು ಓದಿದ ಮೊದಲ ಮನುಷ್ಯ ನೀನು ಕಣಯ್ಯ! ನಂಗೇ ಅದು ಕಾಣ್ತಿರ್ಲಿಲ್ಲ. ಇಲ್ಲಿ ಮೊದಲನೇ ಕನ್ನಡಕ ಹಾಕ್ಕೊಂಡಿದ್ದೇ ನಾನು."

"ಕಂಡು ಓದ್ಲಿಲ್ಲ ಸಾ. ನಾನೇ ಬರ್ದಿದ್ದಲ್ವಾ, ಬಾಯಿಗೆ ಬಂದ್ಬುಡ್ತದೆ."

"ಹಾಗಾದ್ರೆ ಹಿಂದಿನಿಂದ ಹೇಳು."

"ರ, ಪ, ವ, ನ, ಗ, ಟ."

"ಬಾಯಿಪಾಠ ಆಗಿದ್ರೆ ಹಿಂದಿನಿಂದ ಹೆಂಗೆ ಬರ್ತದೆ?" ಮುರಳೀಕೃಷ್ಣ ಅವನ ಹೆಗಲು ತಟ್ಟಿದ. "ನಿನ್ನಂಥ ಕಣ್ಣಿಗೆ ಕನ್ನಡಕ ಮಾರೋ ಪಾಪ ನಂಗೆ ಬೇಡ. ಮನೆಗೆ ಹೋಗಿ ಕ್ಯಾರೆಟ್ ತಿನ್ನು."

ತಾಲೂಕಿನ ಅತ್ಯುತ್ತಮ ಕಣ್ಣುಗಳನ್ನು ಹೊತ್ತುಕೊಂಡು ಹೊರಗೆ ಬಂದ ಪಾಲಾಕ್ಷ, ಬಾಗಿಲಲ್ಲಿ ನಿಂತಿದ್ದ ಸೈಕಲ್ಲಿಗೆ ಡಿಕ್ಕಿ ಹೊಡೆದು, ಅದಕ್ಕೆ ಕೈಮುಗಿದು, ಅರಕಲಗೂಡಿನ ಬಸ್ಸು ಹತ್ತಿದ.

ಅರಕಲಗೂಡಿನ ಕನ್ನಡಕದ ಅಂಗಡಿಯ ಷಡಕ್ಷರಿ ಅವನನ್ನು ಎಂದೂ ನೋಡಿದವನಲ್ಲ. ಆದರೆ ಅಲ್ಲಿನ ಗೋಡೆಯ ಮೇಲೂ ಅದೇ ಕುಂಬಳಕಾಯಿ ಅಕ್ಷರ ಕೂತಿತ್ತು. ಈ ಸಲ ಮೋಸ ಹೋಗಬಾರದು, ಒಂದಕ್ಷರ ಶುರುಮಾಡಿದರೆ ಬಾಯಿ ಕೊನೇ ಸಾಲಿನ ತನಕ ಓಡಿಬಿಡುತ್ತದೆ ಎಂದುಕೊಂಡ ಪಾಲಾಕ್ಷ ತುಟಿ ಬಿಗಿಹಿಡಿದ.

"ಮೇಲಿನ ದೊಡ್ಡಕ್ಷರ ಕಾಣ್ತದಾ?"

"ಇಲ್ಲ ಸಾ."

"ಅದೂ ಇಲ್ವಾ? ಚಾರ್ಟು ಕಾಣ್ತದಾ?"

"ಇಲ್ಲ ಸಾ."

"ಗೋಡೆ?"

ಪಾಲಾಕ್ಷ ಕ್ಷಣ ಯೋಚಿಸಿದ. "ಯಾವ ಗೋಡೆ ಸಾ?"

ಷಡಕ್ಷರಿ ಕೋಲು ಕೆಳಗಿಟ್ಟ. "ಕುರುಡರ ಪಿಂಚಣಿಗೆ ಸರ್ಟಿಫಿಕೇಟ್ ಬೇಕು, ಅಲ್ವಾ? ಹೋದ ವಾರ ಒಬ್ಬ ಹಿಂಗೇ ಬಂದು ತಡವರಿಸಿದ. ಕೊಡಲ್ಲ ಅಂದಿದ್ದಕ್ಕೆ ಮೋಟಾರ್ ಸೈಕಲ್ ಹತ್ತಿ ಹೋದ."

"ದೇವ್ರಾಣೆ ಇಲ್ಲ ಸಾ! ಈ ಚಾರ್ಟು ಬರ್ದೋನೇ ನಾನು, ಅದಕ್ಕೇ..."

"ಗೋಡೆ ಕಾಣ್ದೋನು ಚಾರ್ಟು ಬರ್ದ್ಯಾ? ನಡಿ ನಡಿ, ಬಾಗ್ಲಾದ್ರೂ ಕಾಣ್ತದಾ?"

ಹಾಸನದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಕೆಂಚಯ್ಯ ಎಂಬ ನುಗ್ಗೇಹಳ್ಳಿಯ ತೆಂಗಿನಕಾಯಿ ವ್ಯಾಪಾರಿ ಕತೆಯನ್ನೆಲ್ಲ ಕೇಳಿ ಲೊಚಗುಟ್ಟಿದ. "ನೀನು ಚನ್ನರಾಯಪಟ್ಟಣಕ್ಕೆ ಓಗ್ಬೇಕಿತ್ತು ಕಣಣ್ಣ. ಅಲ್ಲೊಬ್ರವ್ರೆ. ಕನ್ನಡದಲ್ಲೇ ಚಾರ್ಟು, ಅಕ್ಸರ ಮುತ್ತು ಮುತ್ತು."

"ಮೇಲ್ಗಡೆ ಕುಂಬಳಕಾಯಿ ಗಾತ್ರದ್ದು ಒಂದೇ ಐತಾ?"

"ಊಂ, ನೀನೂ ನೋಡಿದ್ದೀಯಾ?"

ಪಾಲಾಕ್ಷ ಕಿಟಕಿಗೆ ತಲೆ ಒರಗಿಸಿದ. ಜೀವನದಲ್ಲಿ ಮೊದಲ ಸಲ, ತನಗೆ ಅಷ್ಟೊಂದು ಕೆಲಸ ಸಿಕ್ಕಿದ್ದಕ್ಕೆ ಅವನಿಗೆ ಬೇಸರವಾಯಿತು.

ಹಾಸನದಲ್ಲಿ ಅವನು ಕನ್ನಡಕದ ಅಂಗಡಿಗಳ ಹೊಸಿಲಲ್ಲೇ ನಿಂತು ಒಂದೇ ಪ್ರಶ್ನೆ ಕೇಳುತ್ತಾ ಹೋದ: "ನಿಮ್ಮ ಗೋಡೆ ಮೇಲಿನ ಅಕ್ಷರ ಯಾರು ಬರ್ದಿದ್ದು?" ಮೊದಲ ಅಂಗಡಿಯವರು, ಹೊಳೆನರಸೀಪುರದ ಯಾರೋ ಎಂದರು. ಎರಡನೆಯವರು, ನಿನಗ್ಯಾಕೆ ಎಂದರು. ಮೂರನೆಯ ಅಂಗಡಿಯಲ್ಲಿ ಶರ್ವಾಣಿ ಎಂಬ ಹುಡುಗಿ ಇದ್ದಳು. "ಅಕ್ಷರಾನೇ ಇಲ್ಲ ಅಂಕಲ್, ಮದ್ರಾಸಿಂದ ಬಂದಿರೋ ಚಾರ್ಟು," ಎಂದಳು. ಪಾಲಾಕ್ಷ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಹೋಗುವ ಹಾಗೆ ಒಳಗೆ ಹೋದ.

ಅಲ್ಲಿದ್ದದ್ದು ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಒಂದರ ಹಲ್ಲು ಮೇಲಕ್ಕೆ, ಒಂದರದು ಪಕ್ಕಕ್ಕೆ. ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕು. ಬಾಯಿಗೆ ಕೆಲಸವೇ ಇಲ್ಲ. ಶರ್ವಾಣಿ ತಾಳ್ಮೆಯಿಂದ ಗಾಜಿನ ಮೇಲೆ ಗಾಜು ಇಟ್ಟಳು, ಒಂದನ್ನು ಚೂರು ತಿರುಗಿಸಿದಳು, ಮತ್ತೆ ಚೂರು. "ಎರಡು ಕಣ್ಣಿಗೂ ಬೇರೆ ಬೇರೆ ನಂಬರ್. ಜೊತೆಗೆ ಗೆರೆ ಓರೆಯಾಗಿ ಕಾಣೋ ತೊಂದ್ರೆ. ಇಷ್ಟು ದಿನ ಹೆಂಗೆ ಬೋರ್ಡ್ ಬರೀತಿದ್ರಿ ಅಂಕಲ್?"

"ಅಭ್ಯಾಸಬಲ ಕಣಮ್ಮ," ಎಂದು ಪಾಲಾಕ್ಷ ನಾಚಿಕೊಂಡ.

ಕನ್ನಡಕ ಸಿದ್ಧವಾಗಲು ಒಂದು ವಾರ ಬೇಕಿತ್ತು. ಕಾಫಿ ಅಂಗಡಿಯ ಪೂಜೆಯ ಮಾತು ಕೇಳಿ ಆ ಹುಡುಗಿಗೆ ಮರುಕ ಹುಟ್ಟಿತು. ಅಳತೆ ನೋಡುವ ಹಳೆಯ ಫ್ರೇಮೊಂದಕ್ಕೇ ಗಾಜುಗಳನ್ನು ಸಿಕ್ಕಿಸಿ, "ಕನ್ನಡಕ ತಗೊಳ್ಳೋಕೆ ಬಂದಾಗ ವಾಪಸ್ ತನ್ನಿ, ಹುಷಾರು," ಎಂದು ಕೊಟ್ಟಳು. ಗುಂಡಗಿನ, ಕಪ್ಪು, ಸುತ್ತಲೂ ತಿರುಪು ಕಟ್ಟಿದ ಯಂತ್ರ ಅದು. ಹಾಕಿಕೊಂಡರೆ ಮೂಗಿನ ಮೇಲೆ ಎರಡು ಅಲಾರಂ ಗಡಿಯಾರ ಕೂರಿಸಿದ ಹಾಗಿತ್ತು. ಬಸ್ಸಿನಲ್ಲಿ ಒಂದು ಮಗು ಅವನನ್ನು ನೋಡಿ ಅತ್ತಿತು.

ಪಾಲಾಕ್ಷ ಮಾತ್ರ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ವಿದ್ಯುತ್ ಕಂಬಗಳು ನೆಟ್ಟಗೆ ನಿಂತಿದ್ದವು! ಯಾವ ಕಂಬವೂ ಯಾವ ಕಂಬದ ಮೇಲೂ ಒರಗಿರಲಿಲ್ಲ. ತೆಂಗಿನ ಗರಿಗೆ ಅಷ್ಟೊಂದು ಎಳೆಗಳಿವೆಯೆಂದು ಅವನಿಗೆ ಮರೆತೇಹೋಗಿತ್ತು. ಊರು ಹತ್ತಿರವಾದಾಗ ತಾನೇ ಬರೆದ ಹಳೆಯ ಬೋರ್ಡುಗಳು ಒಂದೊಂದಾಗಿ ಎದುರಾದವು. ಹಾಲಿನ ಡೈರಿ ಮೇಲಕ್ಕೆ ಹತ್ತುತ್ತಿತ್ತು, ಸೈಕಲ್ ಶಾಪು ಕೆಳಕ್ಕಿಳಿಯುತ್ತಿತ್ತು. ಅವನು ತಲೆ ತಗ್ಗಿಸಿದ. ಇರಲಿ, ಇವತ್ತಿನಿಂದ ಎಲ್ಲ ನೆಟ್ಟಗೆ.

ಬಸ್ಸಿಳಿದರೆ ಎದುರಿಗೇ ಮುರಳೀಕೃಷ್ಣನ ಅಂಗಡಿ. ಕಡ್ಡಿ ಬಿಗಿ ಮಾಡಿಸಲು ಬಂದಿದ್ದ ಸುಬ್ಬಮ್ಮ ಬಾಗಿಲಲ್ಲೇ ಇದ್ದಳು. ದಾರಿ ಕಾಯುತ್ತಾ ಚಂದ್ರಶೇಖರಯ್ಯನವರೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು.

"ಅಯ್ಯೋ, ಬನ್ರಪ್ಪೋ! ಪಾಲಾಕ್ಸನ ಮಕಕ್ಕೆ ಅದೇನೋ ಮಿಸನ್ನು ಕಟ್ಬುಟ್ಟವ್ರೆ!" ಎಂದು ಸುಬ್ಬಮ್ಮ ಕೂಗಿದ್ದಕ್ಕೆ ಜನ ಬಂದು ಅಂಗಡಿಯ ಕಿಟಕಿಗೆ ಮುತ್ತಿದರು.

ಮುರಳೀಕೃಷ್ಣ ಹೊರಗೆ ಬಂದು ನೋಡಿದ. ಅವನ ಮುಖ ಸಣ್ಣಗಾಯಿತು. "ಹಾಸನಕ್ಕೆ ಹೋಗಿದ್ಯಾ? ನಾನು ಕಣ್ಣು ಸರಿ ಇದೆ ಅಂದ್ಮೇಲೂ? ಬಾ. ಕೂತ್ಕೋ. ಎಲ್ಲರ ಮುಂದೆ ಓದು."

ಪಾಲಾಕ್ಷ ಉತ್ಸಾಹದಿಂದಲೇ ಕೂತ. ಈಗ ಕಾಣುತ್ತದಲ್ಲ, ಹೆದರಿಕೆ ಏನು? ಒಂದೊಂದೇ ಸಾಲನ್ನು ನಿಜವಾಗಿ ನೋಡಿ ಓದಿದ. ಕೋಲು ಕೊನೇ ಸಾಲಿಗೆ ಬಂತು. ಪಾಲಾಕ್ಷ ಅದನ್ನು ಜೀವನದಲ್ಲಿ ಮೊದಲ ಸಲ ನೋಡಿದ.

ಅಲ್ಲಿ ಅಕ್ಷರಗಳೇ ಇರಲಿಲ್ಲ. ಸಾಲುಗಟ್ಟಿ ಹೋಗುತ್ತಿದ್ದ ಇರುವೆಗಳ ಮೇಲೆ ಯಾರೋ ಕಾಲಿಟ್ಟ ಹಾಗೆ ಕಪ್ಪು ಮೆತ್ತಿಕೊಂಡಿತ್ತು.

"ಇಲ್ಲೇನೂ ಇಲ್ವಲ್ಲ ಸಾ!" ಎಂದುಬಿಟ್ಟ.

"ನೋಡಿದ್ರಾ!" ಮುರಳೀಕೃಷ್ಣ ಕೋಲನ್ನು ಮೇಜಿಗೆ ಕುಟ್ಟಿದ. "ಬೆಳಿಗ್ಗೆ ಬರಿಗಣ್ಣಲ್ಲಿ ಹಿಂದಿಂದ ಮುಂದಿಂದ ಓದ್ದೋನು! ಹಾಸನದ ಗಾಜು ಹಾಕಿದ ಮೇಲೆ ಏನೂ ಇಲ್ಲ ಅಂತಾನೆ! ಒಂದೇ ದಿನದಲ್ಲಿ ಕಣ್ಣು ಹಾಳು ಮಾಡಿ ಕಳಿಸವ್ರೆ!"

ಪಾಲಾಕ್ಷ ಸುತ್ತ ನೋಡಿದ. ಈಗ ಅವನಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಸುಬ್ಬಮ್ಮ ಕನ್ನಡಕದ ಮೇಲಿನಿಂದ ಇಣುಕುತ್ತಿದ್ದಳು. ಚಂದ್ರಶೇಖರಯ್ಯನವರ ಕನ್ನಡಕ ಹಣೆಯ ಮೇಲಿತ್ತು. ಮುರಳೀಕೃಷ್ಣನದು ಮೂಗಿನ ತುದಿಯಲ್ಲಿತ್ತು. ಕಿಟಕಿಯಲ್ಲಿ ತುಂಬಿಕೊಂಡಿದ್ದ ಊರಿನವರಲ್ಲಿ ಒಬ್ಬರೂ ಗಾಜಿನ ಮೂಲಕ ನೋಡುತ್ತಿರಲಿಲ್ಲ. ಇಷ್ಟೂ ಜನ ಕಾಣದೆ ಹೋಗಿ ಕನ್ನಡಕ ಹಾಕಿಕೊಂಡದ್ದು, ಅಂದು ತನಗೂ ಕಾಣದೆ ಬರಿ ಕಪ್ಪು ಮೆತ್ತಿ, ಬರೆದೆನೆಂದುಕೊಂಡಿದ್ದ ಸಾಲಿನಿಂದ! ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ಇನ್ನೆಷ್ಟು ಜನವೋ. ಇದನ್ನು ಹೇಳಿದರೆ ಕಾಫಿಪುಡಿ ಬೋರ್ಡಿರಲಿ, ಗೋಣಿಚೀಲದ ಮೇಲೆ ಹೆಸರು ಬರೆಯಲೂ ಯಾರೂ ಕರೆಯುವುದಿಲ್ಲ.

"ಏನಪ್ಪಾ, ನಮ್ಮ ಬೋರ್ಡಿನ ಗತಿ?" ಎಂದರು ಚಂದ್ರಶೇಖರಯ್ಯ. "ಫೋನ್ ಮಾಡ್ಲಾ?"

"ಹೆದರ್ಬೇಡಿ, ನಾನಿದೀನಿ," ಎಂದ ಮುರಳೀಕೃಷ್ಣ. ಪಾಲಾಕ್ಷನ ಮೂಗಿನಿಂದ ಯಂತ್ರವನ್ನು ಕಳಚಿ, ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಹಾಕಿದ. ಫ್ರೇಮಿನ ಮೇಲಿದ್ದ ಹಾಸನದ ಅಂಗಡಿಯ ನಂಬರಿಗೆ ಆಗಲೇ ಫೋನ್ ಮಾಡಿ, "ನಮ್ಮ ಪಾಲಾಕ್ಷನ ಆರ್ಡರ್ ಕ್ಯಾನ್ಸಲ್. ನಿಮ್ಮ ಫ್ರೇಮು ನಾನೇ ಕಳಿಸ್ತೀನಿ," ಎಂದು ಗದರಿದ. ಹೊರಗಿನ ವಿದ್ಯುತ್ ಕಂಬ ಮತ್ತೆ ಮೆಲ್ಲಗೆ ವಾಲಿಕೊಂಡಿತು.

ಆಮೇಲೆ ಗಾಜಿನ ಮೇಲೆ ಗಾಜು ಬಂತು.

"ಈಗ ಕಾಣ್ತದಾ?"

"ಇಲ್ಲ ಸಾ."

"ಈಗ?"

"ಇಲ್ಲ."

ಬಿಸಿಲು ಇಳಿಯುತ್ತಿತ್ತು. ಚಂದ್ರಶೇಖರಯ್ಯ ಫೋನಿನ ಕಡೆ ನೋಡುತ್ತಿದ್ದರು. ಕೊನೆಗೆ ಒಂದು ಗಾಜು ಬಂದಾಗ ಚಾರ್ಟು, ಗೋಡೆ, ಮುರಳೀಕೃಷ್ಣ ಎಲ್ಲವೂ ಮಂಜಿನಲ್ಲಿ ಮುಳುಗಿಹೋದವು. ಮಂಜು ಕವಿದೊಡನೆ ಬಾಯಿಗೆ ಹಳೆಯ ಶಕ್ತಿ ವಾಪಸ್ಸು ಬಂತು.

"ಕಾಣ್ತದೆ ಸಾ. ಟ, ಗ, ನ, ವ, ಪ, ರ."

ಕಿಟಕಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮುರಳೀಕೃಷ್ಣ ಕಣ್ಣೊರೆಸಿಕೊಂಡು, ಅದೇ ಗಾಜುಗಳನ್ನು ಒಂದು ಒಳ್ಳೆಯ ಫ್ರೇಮಿಗೆ ಕೂರಿಸಿ ತೊಡಿಸಿದ. "ಈ ಚಾರ್ಟು ಮಾಸಿದೆ ಕಣಯ್ಯ. ಹೊಸದೊಂದು ಬರ್ಕೊಡು. ಕೊನೇ ಸಾಲು ಇನ್ನೂ ಸ್ವಲ್ಪ ಸಣ್ಣಕ್ಕಿರ್ಲಿ." ಆಮೇಲೆ ಚಂದ್ರಶೇಖರಯ್ಯನವರ ಕಡೆ ತಿರುಗಿದ. "ನೀವೂ ಅಷ್ಟೆ, ಕನ್ನಡಕ ಹಣೆ ಮೇಲಿಟ್ಕೊಂಡು ಬೋರ್ಡು ಸೊಟ್ಟ ಅಂದ್ರೆ? ಕಣ್ಣಿಗೆ ಹಾಕ್ಕೊಂಡು ನೋಡಿ."

ಸಂಜೆ ಜಗಲಿಯಲ್ಲಿ ಪಾಲಾಕ್ಷ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಗಾಜಿನ ಮೂಲಕ ಒಂದು ಗೆರೆ ಎರಡಾಗಿತ್ತು, ಎರಡೂ ತೇಲುತ್ತಿದ್ದವು. ಹಂಸ ದೀಪ ತಂದಿಟ್ಟು, ಗಂಡನ ಮುಖವನ್ನೇ ನೋಡುತ್ತಾ ಕಂಬಕ್ಕೆ ಒರಗಿದಳು. ಪಾಲಾಕ್ಷ ಉಸಿರು ಬಿಟ್ಟು ಬರೆಯತೊಡಗಿದ. ಕಾಫಿ ಮತ್ತೆ ಹೊಳೆಯ ಕಡೆಗೆ ಜಾರತೊಡಗಿತು.

ಚಂದ್ರಶೇಖರಯ್ಯ ಕನ್ನಡಕವನ್ನು ಹಣೆಯಿಂದ ಇಳಿಸಿ, ಕಣ್ಣಿಗೆ ಒತ್ತಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಸರಿಯಾಗೇ ಇರ್ಬೇಕು," ಎಂದರು.

ಪಾಲಾಕ್ಷ ಕುಂಚ ಅದ್ದಿಕೊಂಡ. ಹೊಸ ಕನ್ನಡಕವನ್ನು ಮೆಲ್ಲಗೆ ಮೂಗಿನ ತುದಿಗೆ ಜಾರಿಸಿ, ಅದರ ಮೇಲಿನಿಂದ ಇಣುಕಿ ಮುಂದಿನ ಅಕ್ಷರಕ್ಕೆ ಕೈ ಹಾಕಿದ.

ಅದನ್ನು ಕಂಡು ಸುಬ್ಬಮ್ಮನ ಮುಖ ಅರಳಿತು.

"ಆಂ, ಅಂಗೆ ಕಣ್ಲಾ! ಈಗ ನೋಡು, ಕನ್ನಡ್ಕ ಹಾಕ್ಕಳಾದು ಕಲ್ತೆ."